ಉಬ್ಬಸ

ನಡುರಾತ್ರಿ ಕಳೆದು, ಕೋಳಿ ಕೂಗಲು ಇನ್ನೂ ಹೊತ್ತಿರುವಾಗ ಮನೆಯ ಮೂಲೆಯಿಂದ ಸಣ್ಣ ಸಿಳ್ಳಿನಂತಹ ಸದ್ದು ಕೇಳಿಬರುತ್ತದೆ. ಹಾಸಿಗೆಯ ಮೇಲೆ ಎದ್ದು ಕುಳಿತ ಹುಡುಗನು ಎರಡು ಕೈಗಳನ್ನೂ ಮುಂದಕ್ಕೆ ಊರಿ, ಹೆಗಲನ್ನು ಮೇಲೆತ್ತಿ ಉಸಿರಿಗಾಗಿ ಸೆಣಸುತ್ತಿರುತ್ತಾನೆ. ತಾಯಿ ಬೆನ್ನು ನೀವುತ್ತಾಳೆ. ಅಜ್ಜಿ ಬಿಸಿನೀರು ಕಾಯಿಸುತ್ತಾಳೆ. ಬೆಳಗಾಗುವ ವೇಳೆಗೆ ಉಸಿರು ಹದಕ್ಕೆ ಬಂದು, ಹುಡುಗನು ಎಲ್ಲರಂತೆ ಶಾಲೆಗೆ ಹೊರಡುತ್ತಾನೆ. ಬಂದ ರೋಗ ಹೋಯಿತೆಂದು ಮನೆಯವರು ಸಮಾಧಾನಪಡುತ್ತಾರೆ. ಉಬ್ಬಸದ ವಿಷಯದಲ್ಲಿ ಜನರು ಮಾಡುವ ಮೊದಲ ತಪ್ಪು ಇದೇ.

ಉಬ್ಬಸ, ಗೂರಲು, ದಮ್ಮು ಎಂದು ಕನ್ನಡಿಗರು ಹಲವು ಹೆಸರುಗಳಿಂದ ಕರೆಯುವ ಈ ರೋಗ ಹೊಸದೇನಲ್ಲ. ಚರಕಸಂಹಿತೆಯು ಇದನ್ನು ತಮಕಶ್ವಾಸವೆಂದು ಹೆಸರಿಸಿ, ಮೋಡ ಮಳೆ ಶೀತಗಳಿಂದ ಇದು ಹೆಚ್ಚುವುದನ್ನೂ, ಮಲಗಿದಾಗ ಸಂಕಟಪಡುವ ರೋಗಿಗೆ ಕುಳಿತಾಗ ತುಸು ಸುಖವಾಗುವುದನ್ನೂ ಗುರುತಿಸಿದೆ.

ಗಂಟಲಿನಿಂದ ಇಳಿಯುವ ಶ್ವಾಸನಾಳವು ಎದೆಯೊಳಗೆ ತಲೆಕೆಳಗಾದ ಮರದಂತೆ ಮತ್ತೆ ಮತ್ತೆ ಕವಲೊಡೆಯುತ್ತ ಹೋಗುತ್ತದೆ. ಉಬ್ಬಸ ಉಂಟಾದಾಗ ಈ ಕವಲುಗಳನ್ನು ಸುತ್ತಿರುವ ಸ್ನಾಯುಗಳು ಬಿಗಿಯುತ್ತವೆ, ಒಳಪೊರೆಯು ಊದಿಕೊಳ್ಳುತ್ತದೆ, ಅಂಟಾದ ಕಫವು ಉಳಿದ ಹಾದಿಯನ್ನೂ ಕಟ್ಟುತ್ತದೆ. ಗಾಳಿ ಒಳಗೆ ಹೋಗದಿರುವುದೇ ತೊಂದರೆಯೆಂದು ನೋಡುವವರಿಗೆ ತೋರಬಹುದು. ನಿಜವಾದ ಕಷ್ಟವಿರುವುದು ಹೆಚ್ಚಾಗಿ ಉಸಿರನ್ನು ಹೊರಗೆ ಬಿಡುವಾಗ. ಉಸಿರೆಳೆದಾಗ ಎದೆಯೊಂದಿಗೆ ನಾಳಗಳೂ ತುಸು ಹಿಗ್ಗುತ್ತವೆ. ಬಿಡುವಾಗ ಅವು ಇನ್ನಷ್ಟು ಕಿರಿದಾಗುತ್ತವೆ. ಹಳೆಯ ಗಾಳಿ ಹೊರಹೋಗದೆ ಎದೆಯಲ್ಲಿಯೇ ಸಿಕ್ಕಿಕೊಂಡರೆ ಹೊಸ ಗಾಳಿಗೆ ಎಡೆಯೆಲ್ಲಿ?

ಸ್ನಾಯುವಿನ ಬಿಗಿತವು ಕೆಲವು ಗಂಟೆಗಳಲ್ಲಿ ಸಡಿಲಗೊಳ್ಳಬಹುದು. ಒಳಪೊರೆಯ ಉರಿಯೂತ ಮಾತ್ರ ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಅದನ್ನು ಕೆದಕಲು ಸಣ್ಣ ಕಾರಣವೂ ಸಾಕು: ಸೌದೆಯ ಹೊಗೆ, ಬೀಡಿಯ ಹೊಗೆ, ಕಣದ ಧೂಳು, ಹೂವಿನ ಪರಾಗ, ತೇವದ ಗೋಡೆಯ ಬೂಷ್ಟು, ನೆಗಡಿ, ಒಮ್ಮೊಮ್ಮೆ ಜೋರಾದ ನಗು ಕೂಡ. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಮನುಷ್ಯನ ಚರ್ಮದ ಹೊಟ್ಟನ್ನು ತಿಂದು ಬದುಕುತ್ತವೆ. ಅವುಗಳ ಹಿಕ್ಕೆಯೂ ಅನೇಕರಿಗೆ ಒಗ್ಗದು. ಹಾಸಿಗೆಯನ್ನು ಬಿಸಿಲಿಗೆ ಹಾಕುವ ಹಿರಿಯರ ಪದ್ಧತಿ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಒಬ್ಬರಿಗೆ ಆಗದ ವಸ್ತು ಇನ್ನೊಬ್ಬರಿಗೆ ಆಗಬಹುದು; ಆದುದರಿಂದ ರೋಗಿಯು ತನಗೆ ಯಾವುದು ಆಗದೆಂಬುದನ್ನು ತಾನೇ ಗಮನಿಸಿ ತಿಳಿಯಬೇಕು. ಉಬ್ಬಸವು ಅಂಟುರೋಗವಲ್ಲವಾದ್ದರಿಂದ ರೋಗಿಯ ಪಕ್ಕದಲ್ಲಿ ಕುಳಿತುಕೊಳ್ಳಲು ಯಾರೂ ಅಂಜಬೇಕಿಲ್ಲ.

ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ಈ ರೋಗವಿತ್ತು. ರಬ್ಬರಿನ ಬುರುಡೆಯನ್ನು ಹಿಸುಕಿ ಔಷಧಿಯನ್ನು ಸೇದಬೇಕಾಗಿದ್ದ ಗಾಜಿನ ಸಾಧನದಿಂದ ಬೇಸತ್ತ ಅವಳು 1955ರಲ್ಲಿ, ಕೂದಲಿಗೆ ಸಿಂಪಡಿಸುವ ದ್ರವದಂತೆ ಔಷಧಿಯನ್ನೂ ಡಬ್ಬಿಯಲ್ಲಿ ಏಕೆ ತುಂಬಬಾರದೆಂದು ತಂದೆಯನ್ನು ಕೇಳಿದಳು. ಮರುವರ್ಷವೇ, ಒತ್ತಿದರೆ ಅಳತೆಯ ಔಷಧಿಯನ್ನು ಹೊರಬಿಡುವ ಇನ್‌ಹೇಲರ್ ಮಾರುಕಟ್ಟೆಗೆ ಬಂದಿತು.

ಈ ಪುಟ್ಟ ಸಾಧನದ ಬಗ್ಗೆ ಹಲವರಿಗೆ ಅಕಾರಣವಾದ ಭಯವಿದೆ. ಒಮ್ಮೆ ಹಿಡಿದರೆ ಅದು ಚಟವಾಗುವುದೆಂದೂ, ಮಾತ್ರೆಗಿಂತ ಅದು ತೀಕ್ಷ್ಣವೆಂದೂ ಹೇಳುವವರುಂಟು. ಲೆಕ್ಕ ಬೇರೆಯೇ ಇದೆ. ಸಾಲ್‌ಬುಟಮಾಲ್ ಎಂಬ ಔಷಧಿಯ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರನ್ನು ಒಮ್ಮೆ ಒತ್ತಿದಾಗ ಬರುವುದು ಅದರ ನಲವತ್ತನೆಯ ಒಂದು ಪಾಲು. ಮಾತ್ರೆಯು ಮೈಯೆಲ್ಲ ಸುತ್ತಬೇಕು. ಸೇದಿದ ಔಷಧಿಯು ಬೇಕಾದೆಡೆಗೇ ಇಳಿಯುತ್ತದೆ.

ಸಾಲ್‌ಬುಟಮಾಲ್ ಬಿಗಿದ ಸ್ನಾಯುವನ್ನು ಬೇಗ ಸಡಿಲಿಸುವುದೇನೋ ನಿಜ. ಒಳಗಿನ ಉರಿಯೂತವನ್ನು ಅದು ಶಮನ ಮಾಡದು. ಅದಕ್ಕೆ ಪ್ರತಿದಿನ ಅಲ್ಪ ಪ್ರಮಾಣದಲ್ಲಿ ಸೇದುವ ಸ್ಟೀರಾಯ್ಡ್ ಔಷಧಿ ಬೇಕು. ಹನ್ನೆರಡು ವರ್ಷ ಮೇಲ್ಪಟ್ಟವರು ತಕ್ಷಣ ಶಮನ ನೀಡುವ ಔಷಧಿಯೊಂದನ್ನೇ ನಂಬಿರಬಾರದೆಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರೂ ಎಚ್ಚರಿಸಿದರು. ದುರ್ದೈವವೆಂದರೆ, ಆರಾಮವಾಯಿತೆಂದು ರೋಗಿಯು ಮೊದಲು ಕೈಬಿಡುವುದು ಈ ದಿನನಿತ್ಯದ ಔಷಧಿಯನ್ನೇ. ಅದರ ಪ್ರಮಾಣವನ್ನು ತಗ್ಗಿಸುವ ಕೆಲಸ ವೈದ್ಯರದು.

ತರಗತಿಯಲ್ಲಿ ಯಾರಿಗಾದರೂ ಉಬ್ಬಸ ಬಂದರೆ ಮಲಗಿಸದೆ ಕುಳ್ಳಿರಿಸಬೇಕು, ಸುತ್ತ ಮುತ್ತಿಕೊಳ್ಳಬಾರದು, ವೈದ್ಯರು ಸೂಚಿಸಿದ ಪ್ರಕಾರ ಅವರ ಔಷಧಿಯನ್ನು ಸೇದಲು ನೆರವಾಗಬೇಕು. ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಔಷಧಿಯಿಂದ ಶಮನವಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರೋಗಿಯು ಬಳಲುತ್ತಿರುವಾಗಲೇ ಸಿಳ್ಳಿನ ಸದ್ದು ನಿಂತುಹೋದರೆ ಅದು ಗುಣದ ಲಕ್ಷಣವಲ್ಲ. ಸದ್ದು ಹೊರಡುವಷ್ಟು ಗಾಳಿಯೂ ಆಡುತ್ತಿಲ್ಲವೆಂಬ ಅಪಾಯದ ಸೂಚನೆ.

ಇಷ್ಟಾದರೂ ರೋಗವನ್ನು ಮುಚ್ಚಿಡುವವರೇ ಹೆಚ್ಚು. ಮಗಳ ಮದುವೆಗೆ ಅಡ್ಡಿಯಾದೀತೆಂದು ಇನ್‌ಹೇಲರನ್ನು ಬಟ್ಟೆಯ ಮಡಿಕೆಯಲ್ಲಿ ಅಡಗಿಸುವ ಮನೆಗಳಿವೆ. ಆಟದಿಂದ ಹೊರಗಿಟ್ಟಾರೆಂದು ಬಾಯಿ ಬಿಡದ ಮಕ್ಕಳಿದ್ದಾರೆ. ಅಮೆರಿಕದ ಕ್ರೀಡಾಪಟು ಜಾಕಿ ಜಾಯ್ನರ್-ಕರ್ಸಿಯವರಿಗೆ ಕಾಲೇಜಿನಲ್ಲಿದ್ದಾಗ ಉಬ್ಬಸವಿರುವುದು ಪತ್ತೆಯಾಯಿತು. ಅವರೂ ಮೊದಲು ಅದನ್ನು ತರಬೇತುದಾರರಿಂದ ಮುಚ್ಚಿಟ್ಟರು, ಔಷಧಿಯನ್ನು ಕ್ರಮವಾಗಿ ಸೇವಿಸಲಿಲ್ಲ. ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ಅವರು 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಗಳಿಸಿದ 7,291 ಅಂಕಗಳು ವಿಶ್ವದಾಖಲೆಯಾದವು. ಆದರೆ ಉಬ್ಬಸವು ದಾಖಲೆಗಳನ್ನು ಲೆಕ್ಕಿಸುವುದಿಲ್ಲ. ತೀವ್ರವಾದ ಆಘಾತಗಳನ್ನು ಅನುಭವಿಸಿದ ಮೇಲೆಯೇ ಅವರು ಔಷಧಿಯ ಶಿಸ್ತಿಗೆ ಒಳಪಟ್ಟರು. ಮುಂದೆ, ತಾವು ಬಹುಕಾಲ ಮುಚ್ಚಿಟ್ಟಿದ್ದ ರೋಗದ ವಿಷಯವನ್ನು ತಾವೇ ಜನರ ಮುಂದೆ ನಿಂತು ವಿವರಿಸತೊಡಗಿದರು.