ಸಂದು ಬಿಟ್ಟು ನೆಲ ಹಾಸುವ ಕಸುಬು

ಬೀರೂರಿನಲ್ಲಿ ಕಟ್ಟಡ ಕಟ್ಟಿಸುವವರು ನೆಲದ ಮಾತು ಬಂದಾಗ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಯಾವ ಸೈಜಿನ ಟೈಲ್ಸ್, ಚದರಡಿಗೆ ಎಷ್ಟು? ಸಣ್ಣ ಮನೆಗಾದರೆ ಅಷ್ಟು ಸಾಕಾಗಬಹುದು. ಕಲ್ಯಾಣ ಮಂಟಪ, ಶಾಲೆ, ಉದ್ದನೆಯ ಮಳಿಗೆ ಸಾಲುಗಳಿಗೆ ಸಾಲದು. ಅಂಥ ಕಟ್ಟಡದ ಕಾಂಕ್ರೀಟನ್ನು ಎಂಜಿನಿಯರು ಬೇಕೆಂದೇ ಎರಡು ಭಾಗ ಮಾಡಿ ನಡುವೆ ಸಂದು ಬಿಟ್ಟಿರುತ್ತಾರೆ. ಕೆಲಸಗಾರರ ಬಾಯಲ್ಲಿ ಅದು ಎಕ್ಸ್‌ಪಾನ್ಷನ್ ಜಾಯಿಂಟ್, ಇಲ್ಲವೇ ಬರೀ ಜಾಯಿಂಟ್. ಅದರ ಮೇಲೆ ಟೈಲ್ಸ್ ಹೇಗೆ ಕೂರಿಸುತ್ತಾರೆ ಎಂಬುದರಲ್ಲಿ ಮೇಸ್ತ್ರಿಯ ಕಸುಬು ತಿಳಿಯುತ್ತದೆ.

ಜಂಕ್ಷನ್ ಇರುವ ಊರಿನವರಿಗೆ ಈ ಸಂದು ಹೊಸದೇನಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಶಿವಮೊಗ್ಗದ ಕಡೆಗೆ ಕವಲು ಒಡೆಯುವ ಈ ನಿಲ್ದಾಣದಲ್ಲಿ ಬೆಳೆದವರು, ಹಳೆಯ ಕಾಲದ ಹಳಿಗಳ ನಡುವೆ ಬಿಡುತ್ತಿದ್ದ ಬೆರಳಗಲದ ತೆರಪನ್ನು ಬಲ್ಲರು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಕಾಂಕ್ರೀಟೂ ಹೆಚ್ಚುಕಡಿಮೆ ಉಕ್ಕಿನಷ್ಟೇ ಹಿಗ್ಗುತ್ತದೆ. ಕಟ್ಟಡದೊಳಗಿನ ಉಕ್ಕಿನ ಕಂಬಿ ಮತ್ತು ಕಾಂಕ್ರೀಟು ಒಂದಕ್ಕೊಂದು ಬಿಡದೆ ಕೂಡಿ ಬಾಳುವುದಕ್ಕೆ ಇದೂ ಒಂದು ಕಾರಣ. ಈಗಿನ ಹಳಿಗಳನ್ನು ಉದ್ದಕ್ಕೂ ಬೆಸೆದಿರುತ್ತಾರೆ. ಸ್ಲೀಪರು, ಜಲ್ಲಿ, ಕ್ಲಿಪ್ಪುಗಳು ಅವನ್ನು ಅಲುಗದಂತೆ ಬಿಗಿಹಿಡಿಯುತ್ತವೆ. ಕಾಂಕ್ರೀಟನ್ನು ಹಾಗೆ ಹಿಡಿದು ನಿಲ್ಲಿಸುವ ಶಕ್ತಿ ಹತ್ತು ಮಿಲಿಮೀಟರ್ ದಪ್ಪದ ಟೈಲ್ಸಿಗೆ ಎಲ್ಲಿಂದ ಬರಬೇಕು?

ಲೆಕ್ಕ ಸುಲಭ. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನಕವಾದ ಐಎಸ್ 456, 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಸಾಮಾನ್ಯವಾಗಿ ಒಂದಾದರೂ ಹಿಗ್ಗುಸಂದು ಇರಬೇಕೆನ್ನುತ್ತದೆ. ಅಷ್ಟು ಉದ್ದದ ಕಾಂಕ್ರೀಟಿನ ಬಿಸಿ 20 ಡಿಗ್ರಿ ಏರಿದರೆ ಅದು ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಇದರ ಜೊತೆಗೆ ಹೊಸ ಕಾಂಕ್ರೀಟು ಒಣಗುತ್ತಾ ತಿಂಗಳುಗಟ್ಟಲೆ ಕುಗ್ಗುತ್ತದೆ. 10 ಮೀಟರಿಗೆ 3 ಮಿಲಿಮೀಟರ್ ಎಂದು ಅದೇ ಮಾನಕದ ಅಂದಾಜು. ಟೈಲ್ಸಿನ ದಾರಿ ಇದಕ್ಕೆ ತಿರುಗುಮುರುಗು. ಸಾವಿರ ಡಿಗ್ರಿಗೂ ಮೀರಿದ ಕಾವಿನಲ್ಲಿ ಸುಟ್ಟುಬಂದ ಸಿರಾಮಿಕ್ ಟೈಲ್ಸ್, ಗಾಳಿಯ ತೇವ ಹೀರಿ ವರ್ಷಗಳ ಕಾಲ ಕೂದಲೆಳೆಯಷ್ಟು ಹಿಗ್ಗುತ್ತಲೇ ಇರುತ್ತದೆ. ಕೆಳಗಿನದು ಕುಗ್ಗುತ್ತದೆ, ಮೇಲಿನದು ಹಿಗ್ಗುತ್ತದೆ. ಎಲ್ಲೂ ತೆರಪಿಲ್ಲದಿದ್ದರೆ ಒಂದು ದಿನ ಪಟಾರೆಂದು ಸದ್ದು ಮಾಡಿ ಎರಡು ಸಾಲು ಟೈಲ್ಸ್ ಒಂದಕ್ಕೊಂದು ಆತುಕೊಂಡು ಗುಡಾರದಂತೆ ಮೇಲೇಳುತ್ತವೆ. ‘ಟೈಲ್ಸ್ ಎದ್ದಿದೆ’ ಎಂದು ಜನ ಹೇಳುವುದು ಇದನ್ನೇ. ಭೂಕಂಪವೆಂದು ಹೆದರುವವರೂ ಉಂಟು.

ಹಿಂದಿನವರಿಗೆ ಇದು ಗೊತ್ತಿತ್ತು. ಹಳೆಯ ಮೊಸಾಯಿಕ್ ನೆಲಗಳಲ್ಲಿ ಚೌಕ ಚೌಕವಾಗಿ ತೆಳುವಾದ ಗಾಜಿನ ಪಟ್ಟಿ ಕೂರಿಸಿರುವುದನ್ನು ನೋಡಿರುತ್ತೀರಿ. ಬಹಳ ಮಂದಿ ಅದನ್ನು ಅಲಂಕಾರವೆಂದುಕೊಂಡಿದ್ದಾರೆ. ನೆಲ ಕುಗ್ಗಿ ಬಿರುಕು ಬಿಡುವುದಾದರೆ ಆ ಪಟ್ಟಿಯ ಗುಂಟ ಬಿಡಲಿ, ಎಲ್ಲೆಂದರಲ್ಲಿ ಸೀಳದಿರಲಿ ಎಂಬ ಮುಂದಾಲೋಚನೆ ಅದು. 1980ರ ದಶಕದಲ್ಲಿ ಹುಬ್ಬಳ್ಳಿಯ ಮುರುಡೇಶ್ವರ ಸಿರಾಮಿಕ್ಸ್‌ನಂಥ ಕಾರ್ಖಾನೆಗಳು ಬಂದವು, ಆಮೇಲೆ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಟೈಲ್ಸ್ ಬಂತು. ಗಾಜಿನ ಪಟ್ಟಿ ಮರೆಯಾಯಿತು, ಅದರ ಹಿಂದಿದ್ದ ತಿಳಿವಳಿಕೆಯೂ ಬಹಳ ಕಡೆ ಮರೆಯಾಯಿತು. ನನಗೆ ನೋವಾಗುವುದು ಈ ಎರಡನೆಯದಕ್ಕೆ.

ಸಂದು ಎಂದರೆ ಎಲ್ಲವೂ ಒಂದೇ ಬಗೆಯವಲ್ಲ. ಕಾಂಕ್ರೀಟಿನ ಮೇಲ್ಭಾಗದಲ್ಲಷ್ಟೇ ಮಿಷಿನ್ನಿನಿಂದ ಕೊಯ್ದ ಗೆರೆಯಿದ್ದರೆ, ಇಲ್ಲವೇ ಕೂದಲೆಳೆ ಬಿರುಕಿದ್ದರೆ, ಅದರ ಮೇಲೆ ಬಿರುಕು ತಡೆಯುವ ಹಾಳೆ ಹಾಸಿ ಟೈಲ್ಸ್ ಹಾಕುವ ಉಪಾಯವಿದೆ. ಸ್ಲ್ಯಾಬನ್ನು ಮೇಲಿಂದ ಕೆಳಗಿನವರೆಗೆ ಸೀಳಿದ ನಿಜವಾದ ಹಿಗ್ಗುಸಂದಿಗೆ ಯಾವ ಹಾಳೆಯೂ ನಡೆಯದು. ಅಲ್ಲಿ ಒಂದೇ ನಿಯಮ: ಕೆಳಗೆಲ್ಲಿ ಸಂದಿದೆಯೋ ಮೇಲೂ ಅಲ್ಲೇ, ಅಷ್ಟೇ ಅಗಲಕ್ಕೆ ಸಂದಿರಬೇಕು.

ಬಲ್ಲ ಮೇಸ್ತ್ರಿ ಮಾಡುವ ಕ್ರಮ ಹೀಗೆ. ಗಾರೆ ಕಲೆಸುವ ಮೊದಲೇ ಬರಿ ಸ್ಲ್ಯಾಬು ಗುಡಿಸಿ, ಸಂದು ಎಲ್ಲಿ ಹಾದಿದೆಯೆಂದು ನೋಡಿ, ಅದರ ನೇರಕ್ಕೆ ಎರಡೂ ಕಡೆಯ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿಡುತ್ತಾರೆ. ಗಾರೆಯ ಬೆಡ್ಡು ಹಾಕಿದ ಮೇಲೆ ಸಂದು ಕಾಣುವುದಿಲ್ಲ, ಗುರುತೇ ಗತಿ. ಉಳಿದವರು ಬಾಗಿಲಿನಿಂದ ಸಾಲು ಹಿಡಿದರೆ ಇವರು ಸಂದಿನಿಂದಲೇ ದಾರ ಕಟ್ಟುತ್ತಾರೆ. ಎರಡೂ ಮಗ್ಗುಲಿನ ಟೈಲ್ಸಿನ ಅಂಚು ಸರಿಯಾಗಿ ಸಂದಿನ ಅಂಚಿಗೆ ಬರಬೇಕು. ತುಂಡು ಹಾಕುವುದಿದ್ದರೆ ಗೋಡೆಯ ಪಕ್ಕಕ್ಕೆ ಹೋಗಲಿ. ಟೈಲ್ಸಿನ ಕೆಳಗಿನ ಗಾರೆಯನ್ನೂ ಅಲ್ಲಿ ಕೊಯ್ದು ಬಿಡಿಸುತ್ತಾರೆ. ಸಂದಿನೊಳಗೆ ಬಿದ್ದ ಗಾರೆಯ ಚೂರು, ಮೊಳೆ, ಮರಳನ್ನೆಲ್ಲ ಕೆದಕಿ ತೆಗೆಯುತ್ತಾರೆ. ಒಂದು ಚೂರು ಜಲ್ಲಿ ಸಿಕ್ಕಿಕೊಂಡರೂ ಕಾಂಕ್ರೀಟು ಹಿಗ್ಗುವಾಗ ಅದೇ ಬೆಣೆಯಾಗುತ್ತದೆ.

ಆಮೇಲೆ ಫೋಮಿನ ಹಗ್ಗ. 12 ಮಿಲಿಮೀಟರ್ ಸಂದಿಗೆ 15 ಮಿಲಿಮೀಟರ್ ದಪ್ಪದ ಹಗ್ಗವನ್ನು ಅದುಮಿ ಇಳಿಸುತ್ತಾರೆ. ಅದರ ಮೇಲೆ ಅಗಲದ ಅರ್ಧದಷ್ಟು, ಎಂದರೆ 6 ಮಿಲಿಮೀಟರ್ ಆಳಕ್ಕೆ ಸೀಲೆಂಟ್ ಎಂಬ ಮೆತ್ತನೆಯ ಅಂಟು. ಹಗ್ಗದ ಕೆಲಸ ಬರೀ ಜಾಗ ತುಂಬುವುದಲ್ಲ. ಸೀಲೆಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಿದರೆ ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ತಳಕ್ಕೂ ಅಂಟಿಕೊಂಡರೆ ಹರಿದುಹೋಗುತ್ತದೆ. ಅಂಚುಗಳಿಗೆ ಮೊದಲೇ ಟೇಪು ಹಚ್ಚಿ, ಸೀಲೆಂಟ್ ತುಂಬಿ, ಸೋಪು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲಕ್ಕೆ ಎಳೆದು ಟೇಪು ಕಿತ್ತರೆ ಗೆರೆ ನೂಲು ಹಿಡಿದಂತೆ ನಿಲ್ಲುತ್ತದೆ. ತಳ್ಳುಗಾಡಿ, ಕುರ್ಚಿ, ಪಾತ್ರೆ ಎಳೆದಾಡುವ ಮಂಟಪಗಳಲ್ಲಿ ಅಂಚು ಒಡೆಯದಂತೆ ಲೋಹದ ಪಟ್ಟಿಯೂ ಬೇಕು.

ಕಷ್ಟ ಬರುವುದು ಇಲ್ಲೇ. “ಮೇಸ್ತ್ರಿ, ಮಂಟಪದ ನಡುವೆ ಇದೇನ್ರಿ ಗೆರೆ? ಸಿಮೆಂಟ್ ಹಾಲು ಬಿಟ್ಟು ಮುಚ್ಚಿಬಿಡ್ರಿ” ಎನ್ನುತ್ತಾರೆ ಮಾಲೀಕರು. “ಮುಚ್ಚಬಾರದು ಯಜಮಾನ್ರೆ, ಎದ್ದೇಳುತ್ತೆ” ಎಂದು ಗಟ್ಟಿಯಾಗಿ ಹೇಳುವ ಮೇಸ್ತ್ರಿಗೆ ಕೆಲಸ ತಪ್ಪುವ ಭಯ. ಚದರಡಿ ಲೆಕ್ಕದಲ್ಲಿ ಕೂಲಿ ಕೊಡುವ ರೂಢಿಯಲ್ಲಿ ಸಂದಿಗೆ ಪ್ರತ್ಯೇಕ ದರವೇ ಇರುವುದಿಲ್ಲ. ಅರ್ಧ ದಿನದ ಈ ನಾಜೂಕು ಕೆಲಸವನ್ನು ಪುಕ್ಕಟೆ ಮಾಡಿಸಿಕೊಳ್ಳುವುದು ಅನ್ಯಾಯ. ಅಡಿಗಿಷ್ಟು ಎಂದು ಬೇರೆಯಾಗಿ ಮಾತಾಡಿಕೊಳ್ಳಬೇಕು. ಗೆರೆ ಕಣ್ಣಿಗೆ ಹೊಡೆಯುತ್ತದೆ ಎನ್ನುವವರಿಗೆ ಟೈಲ್ಸಿನ ಬಣ್ಣಕ್ಕೆ ಹೊಂದುವ ಸೀಲೆಂಟ್ ಸಿಗುತ್ತದೆ.

ಕೆಳಗೆ ಸಂದಿಲ್ಲದಿದ್ದರೂ ದೊಡ್ಡ ಹಾಲಿಗೆ ಸೀಲೆಂಟ್ ತುಂಬಿದ ಮೆತ್ತನೆಯ ಗೆರೆ ಬೇಕೇ ಬೇಕು. ಅಮೆರಿಕದ ಟೈಲ್ ಕೌನ್ಸಿಲ್ ಕೈಪಿಡಿಯ ಪ್ರಕಾರ ಒಳಗಡೆ ಹೆಚ್ಚೆಂದರೆ 25 ಅಡಿಗೊಂದು, ಬಿಸಿಲು ಬೀಳುವ ಕಡೆ 12 ಅಡಿಯೊಳಗೊಂದು. ಗೋಡೆಯ ಪಕ್ಕದಲ್ಲಿ ಬಿಡುವ ತೆರಪನ್ನು ಸ್ಕರ್ಟಿಂಗ್ ಮುಚ್ಚುತ್ತದೆ. ಅಲ್ಲಿ ಗಾರೆ ತುಂಬದಿದ್ದರೆ ಸಾಕು. ಅಜ್ಜಂಪುರದ ಕಡೆಯ ಎರೆ ನೆಲದಲ್ಲಿ ಕಟ್ಟುವವರ ತೊಂದರೆಯೇ ಬೇರೆ: ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿನ ಮೇಲೆ ಪಾಯವೇ ಸರಿಯಿಲ್ಲದಿದ್ದರೆ ಟೈಲ್ಸ್ ಮೇಸ್ತ್ರಿ ಏನೂ ಮಾಡಲಾರ.

ಸೀಲೆಂಟಿಗೂ ಆಯುಸ್ಸಿದೆ. ಅಂಚು ಬಿಡತೊಡಗಿದಾಗ ಬ್ಲೇಡಿನಿಂದ ಕೊಯ್ದು ತೆಗೆದು ಹೊಸದು ತುಂಬಿಸಿದರೆ ಮುಗಿಯಿತು, ಟೈಲ್ಸ್ ಮುಟ್ಟಬೇಕಿಲ್ಲ. ಅಂಚಿನದೊಂದು ಟೈಲ್ಸ್ ಒಡೆದರೆ ಮಾತ್ರ ಅದೇ ಬಣ್ಣ ಮತ್ತೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಕೆಲಸ ಮುಗಿದ ದಿನ ಅದೇ ಬ್ಯಾಚಿನ ಒಂದು ಬಾಕ್ಸ್ ಅಟ್ಟಕ್ಕೇರಿಸಿ, ಬ್ಯಾಚ್ ನಂಬರಿರುವ ಮಗ್ಗುಲು ಕಾಣುವಂತೆ ಇಡಿ. ಸಂದು ಹಾದಿರುವ ಜಾಗದ ಫೋಟೋ ಒಂದನ್ನು ಕಟ್ಟಡದ ನಕ್ಷೆಯ ಜೊತೆ ಸೇರಿಸಿಡಿ.