ಕೈಲಾಸಕ್ಕೆ ಹೊರಡುವವರು ಹಣದ ಜೊತೆಗೆ ದಿನಗಳನ್ನೂ ಕೂಡಿಡಬೇಕು

ಡೊಂಬಿವಲಿ: ಜೀವಮಾನದಲ್ಲಿ ಒಮ್ಮೆಯಾದರೂ ಕೈಲಾಸ ಪರ್ವತಕ್ಕೆ ಪ್ರದಕ್ಷಿಣೆ ಬರಬೇಕು, ಮಾನಸ ಸರೋವರದ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳಬೇಕು ಎಂಬ ಆಸೆ ಇಲ್ಲದ ಆಸ್ತಿಕರು ವಿರಳ. ಕೊರೊನಾ ಮತ್ತು ಗಡಿ ಉದ್ವಿಗ್ನತೆಯಿಂದ 2020ರಿಂದ 2024ರ ತನಕ ನಿಂತುಹೋಗಿದ್ದ ಭಾರತ ಸರಕಾರದ ಕೈಲಾಸ–ಮಾನಸ ಸರೋವರ ಯಾತ್ರೆ 2025ರಲ್ಲಿ ಪುನರಾರಂಭಗೊಂಡ ಬಳಿಕ ಆ ಆಸೆಗೆ ಮತ್ತೆ ಜೀವ ಬಂದಿದೆ. ಆದರೆ ಡೊಂಬಿವಲಿ, ಕಲ್ಯಾಣ್, ಠಾಣೆ, ನವಿಮುಂಬಯಿ ಪರಿಸರದ ನಮ್ಮ ತುಳು–ಕನ್ನಡಿಗರಿಗೆ ಈ ಯಾತ್ರೆಯಲ್ಲಿ ಹಣಕ್ಕಿಂತ ದೊಡ್ಡ ತೊಡಕು ಒಂದಿದೆ. ಅದು ಸಮಯ.

ಎಂಐಡಿಸಿಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ರಜೆ ಲೆಕ್ಕದ್ದು. ಹೋಟೆಲ್ ನಡೆಸುವವರಿಗೆ ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದೇ ಕಷ್ಟ. ಇದ್ದಬದ್ದ ರಜೆಯೆಲ್ಲ ಊರಿನ ನೇಮ, ನಾಗಾರಾಧನೆ, ಮದುವೆ, ಗೃಹಪ್ರವೇಶಗಳಿಗೆ ಹಂಚಿಹೋಗಿರುತ್ತದೆ. ಹೀಗಾಗಿ ಯಾತ್ರೆಯ ಮಾತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ದಿನದಲ್ಲಿ ಮುಗಿಯುತ್ತದೆ?’ ಎಂಬುದೇ. ಎಲ್ಲಕ್ಕಿಂತ ಕಡಿಮೆ ದಿನದ ಟೂರ್ ಯಾವುದೋ ಅದೇ ಒಳ್ಳೆಯದೆಂದು ತೋರುತ್ತದೆ. ಎತ್ತರದ ಪರ್ವತದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ಎತ್ತರದ ಲೆಕ್ಕ

ಡೊಂಬಿವಲಿಯಲ್ಲಿ ನಾವು ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲ. ಮಾನಸ ಸರೋವರ ಇರುವುದು ಸುಮಾರು 4,590 ಮೀಟರ್ ಎತ್ತರದಲ್ಲಿ. ಕೈಲಾಸ ಪರಿಕ್ರಮ ಒಟ್ಟು 52 ಕಿಲೋಮೀಟರ್, ಮೂರು ದಿನದ ನಡಿಗೆ. ದಾರ್ಚೆನ್‌ನಿಂದ ಯಮದ್ವಾರಕ್ಕೆ ಬಂದು, ಮೊದಲ ದಿನ ದಿರಾಪುಕ್ ತಲುಪುತ್ತಾರೆ. ಎರಡನೇ ದಿನ ಸುಮಾರು 5,630 ಮೀಟರ್ ಎತ್ತರದ ಡೋಲ್ಮಾ ಲಾ ಕಣಿವೆಮಾರ್ಗವನ್ನು ಏರಿ, ಗೌರೀಕುಂಡವನ್ನು ನೋಡುತ್ತಾ ಝುತುಲ್‌ಪುಕ್‌ಗೆ ಇಳಿಯಬೇಕು. ಇದೇ ಅತ್ಯಂತ ಉದ್ದದ, ಅತ್ಯಂತ ಕಠಿಣ ದಿನ. ಮೂರನೇ ದಿನದ ನಡಿಗೆ ಸುಲಭ.

ಡೋಲ್ಮಾ ಲಾದಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ಹತ್ತಿರ ಹತ್ತಿರ ಅರ್ಧ. ಅಂದರೆ ಒಂದು ಉಸಿರಿಗೆ ಇಲ್ಲಿ ಸಿಗುವ ಆಮ್ಲಜನಕದ ಅರ್ಧದಷ್ಟೇ ಅಲ್ಲಿ ಸಿಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ.

ಈ ಸಲಹೆಯನ್ನು ಕೈಯಲ್ಲಿ ಹಿಡಿದು ನೇಪಾಳದ ಹೆಲಿಕಾಪ್ಟರ್ ಮಾರ್ಗವನ್ನು ನೋಡೋಣ. ನೇಪಾಳಗಂಜ್ ಇರುವುದು ಸುಮಾರು 150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಣ್ಣ ವಿಮಾನದಲ್ಲಿ ಸಿಮಿಕೋಟ್ (ಸುಮಾರು 2,900 ಮೀ.), ಹೆಲಿಕಾಪ್ಟರ್‌ನಲ್ಲಿ ಗಡಿಯ ಹಿಲ್ಸಾ (ಸುಮಾರು 3,640 ಮೀ.), ನದಿ ದಾಟಿ ಬಸ್ಸಿನಲ್ಲಿ ತಕ್ಲಾಕೋಟ್ (ಸುಮಾರು 3,900 ಮೀ.). ಹವಾಮಾನ ಚೆನ್ನಾಗಿದ್ದರೆ ಇಷ್ಟೂ ಎರಡೇ ದಿನದಲ್ಲಿ ಮುಗಿದುಹೋಗುತ್ತದೆ. ರಜೆ ಉಳಿಯಿತೆಂದು ನಮಗೆ ಸಂತೋಷ, ದೇಹಕ್ಕೆ ಮಾತ್ರ ಅದು ಪೆಟ್ಟು. ಈ ಮಾರ್ಗದಲ್ಲಿ ಹೋಗಲೇಬೇಕಾದವರು ಸಿಮಿಕೋಟ್‌ನಲ್ಲಿ ಮತ್ತು ತಕ್ಲಾಕೋಟ್‌ನಲ್ಲಿ ಎಷ್ಟು ರಾತ್ರಿ ತಂಗಿಸುತ್ತಾರೆ ಎಂದು ಟೂರ್‌ನವರನ್ನು ಮೊದಲೇ ಕೇಳಬೇಕು. ಊಟ, ಹೋಟೆಲು, ಎಸಿ ಬಸ್ಸಿನ ವಿಚಾರವೆಲ್ಲ ಆಮೇಲೆ.

ಸರಕಾರಿ ಯಾತ್ರೆಯ ಕ್ರಮ

ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಗೆ ಎರಡು ದಾರಿಗಳಿವೆ. ಉತ್ತರಾಖಂಡದ ಲಿಪುಲೇಖ್ ಮೂಲಕ 1981ರಿಂದ ಯಾತ್ರಿಗಳು ಹೋಗುತ್ತಿದ್ದಾರೆ. ಸಿಕ್ಕಿಂನ ನಾಥು ಲಾ ಮಾರ್ಗ ತೆರೆದದ್ದು 2015ರಲ್ಲಿ. 2025ರಲ್ಲಿ ಲಿಪುಲೇಖ್ ಮೂಲಕ ತಲಾ 50 ಮಂದಿಯ 5 ತಂಡಗಳು, ನಾಥು ಲಾ ಮೂಲಕ 10 ತಂಡಗಳು, ಒಟ್ಟು 750 ಮಂದಿಗೆ ಅವಕಾಶವಿತ್ತು. ಆ ವರ್ಷ ತಲೆಯೊಂದಕ್ಕೆ ಅಂದಾಜು ವೆಚ್ಚ ಲಿಪುಲೇಖ್ ದಾರಿಗೆ ರೂ. 1.74 ಲಕ್ಷ, ನಾಥು ಲಾ ದಾರಿಗೆ ರೂ. 2.83 ಲಕ್ಷ. ಎರಡೂ ಮೂರು ವಾರಗಳ ಯಾತ್ರೆ. ದಾರಿಯಲ್ಲಿ ದೇಹ ಹೊಂದಿಕೊಳ್ಳಲೆಂದೇ ದಿನಗಳನ್ನು ಮೀಸಲಿಡಲಾಗುತ್ತದೆ, ಈ ಯಾತ್ರೆ ದೀರ್ಘವಾಗಲು ಅದೂ ಒಂದು ಕಾರಣ.

ಅರ್ಜಿದಾರರು ಭಾರತೀಯ ನಾಗರಿಕರಾಗಿರಬೇಕು. ವಯಸ್ಸು 18ರಿಂದ 70ರೊಳಗಿರಬೇಕು. ಎತ್ತರ–ತೂಕದ ಪ್ರಮಾಣವಾದ ಬಿಎಂಐ 25 ಮೀರಬಾರದು. ಸೆಪ್ಟೆಂಬರ್ 1ಕ್ಕೆ ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಅರ್ಜಿಗಳನ್ನು ಕಂಪ್ಯೂಟರ್ ಡ್ರಾ ಮೂಲಕ ಆರಿಸುತ್ತಾರೆ. 2025ರಲ್ಲಿ ಏಪ್ರಿಲ್ ಕೊನೆಗೆ ಅರ್ಜಿ ಆರಂಭವಾಗಿ, ಮೇ ತಿಂಗಳಲ್ಲಿ ಡ್ರಾ ನಡೆದು, ಜೂನ್‌ನಲ್ಲಿ ಮೊದಲ ತಂಡ ಹೊರಟಿತ್ತು. ಡ್ರಾದಲ್ಲಿ ಹೆಸರು ಬಂದ ಮೇಲೆ ತಯಾರಿ ಶುರುಮಾಡುತ್ತೇನೆ ಎನ್ನುವವರಿಗೆ ಸಿಗುವುದು ಕೆಲವೇ ವಾರಗಳು. ತೂಕ ಇಳಿಸಬೇಕಾದವರು ಜನವರಿಯಲ್ಲೇ ಆರಂಭಿಸಬೇಕು. ಪಾಸ್‌ಪೋರ್ಟ್ ನವೀಕರಿಸಬೇಕಾದವರು ಅದನ್ನೂ ಆಗಲೇ ಮುಗಿಸಿಕೊಳ್ಳುವುದು ಕ್ಷೇಮ.

ದಿಲ್ಲಿಯಲ್ಲಿ ವೈದ್ಯಕೀಯ ತಪಾಸಣೆ ಆಗುತ್ತದೆ. ಎತ್ತರಕ್ಕೆ ಏರಿದ ಮೇಲೆ ದಾರಿಯಲ್ಲಿ ಮತ್ತೊಮ್ಮೆ ತಪಾಸಣೆ. ಅಲ್ಲಿ ಅನುತ್ತೀರ್ಣರಾದವರು ಹಿಂದಿರುಗಲೇಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಸ್ತಮಾ, ಹೃದ್ರೋಗ, ಅಪಸ್ಮಾರ ಇರುವವರಿಗೆ ಈ ಯಾತ್ರೆ ತಕ್ಕದ್ದಲ್ಲವೆಂದು ಸಚಿವಾಲಯವೇ ಹೇಳುತ್ತದೆ. ಐವತ್ತು ದಾಟಿದ ನಮ್ಮವರಲ್ಲಿ ಬಿಪಿ, ಶುಗರ್ ಮಾತ್ರೆ ನುಂಗುವವರು ಎಷ್ಟು ಮಂದಿ ಎಂಬುದು ಎಲ್ಲರಿಗೂ ಗೊತ್ತು. ಮಾತ್ರೆ ಮುಚ್ಚಿಟ್ಟು ತಪಾಸಣೆ ದಾಟಿದರೆ ಮೋಸ ಹೋಗುವುದು ವೈದ್ಯರಲ್ಲ. ಎಂಐಡಿಸಿಯ ರಾಸಾಯನಿಕ ಘಟಕಗಳಲ್ಲಿ ವರ್ಷಗಟ್ಟಲೆ ದುಡಿದವರಂತೂ ಹೊರಡುವ ಮೊದಲು ಶ್ವಾಸಕೋಶದ ಕಾರ್ಯಕ್ಷಮತೆಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳಿತು.

ಇನ್ನೊಂದು ವಿಚಾರ ಮನೆಯವರೊಂದಿಗೆ ಕುಳಿತು ಮಾತಾಡಬೇಕಾದದ್ದು. ಟಿಬೆಟ್ ಭಾಗದಲ್ಲಿ ಮರಣ ಸಂಭವಿಸಿದರೆ ಅಂತ್ಯಸಂಸ್ಕಾರ ಅಲ್ಲೇ ಆಗಬಹುದೆಂಬ ಒಪ್ಪಿಗೆ ಪತ್ರಕ್ಕೆ ಯಾತ್ರಿಗಳು ಸಹಿ ಹಾಕಬೇಕಾಗುತ್ತದೆ. ಇದು ಅಪಶಕುನದ ಮಾತೆಂದು ತಳ್ಳಿಹಾಕದೆ, ಪತ್ನಿ, ಮಕ್ಕಳು, ಅಣ್ಣ–ತಮ್ಮಂದಿರಿಗೆ ತಿಳಿಸಿಯೇ ಸಹಿ ಹಾಕಬೇಕು.

ಸಹಾಯಧನದ ಗೊಂದಲ

ಕರ್ನಾಟಕ ಸರಕಾರ ಮುಜರಾಯಿ ಇಲಾಖೆಯ ಮೂಲಕ ಈ ಯಾತ್ರಿಗಳಿಗೆ ಸಹಾಯಧನ ನೀಡುತ್ತಾ ಬಂದಿದೆ. ಕನ್ನಡಿಗರೆಂಬ ಕಾರಣಕ್ಕೆ ನಮಗೂ ಅದು ದೊರೆಯುತ್ತದೆಂದು ಭಾವಿಸಬಾರದು. ಅದು ಕರ್ನಾಟಕದ ಖಾಯಂ ನಿವಾಸಿಗಳಿಗೆ. ಮಹಾರಾಷ್ಟ್ರದ ರೇಶನ್ ಕಾರ್ಡ್, ಆಧಾರ್ ಇಟ್ಟುಕೊಂಡು ಮೂವತ್ತು–ನಲವತ್ತು ವರ್ಷಗಳಿಂದ ಇಲ್ಲಿ ನೆಲೆಸಿದವರು ಖರ್ಚಿನ ಪಟ್ಟಿಯಲ್ಲಿ ಈ ಹಣವನ್ನು ಸೇರಿಸದಿರುವುದೇ ಜಾಣತನ.

ಹವಾಮಾನಕ್ಕೂ ದಿನಗಳಿರಲಿ

ಯಾತ್ರೆಯ ಕಾಲ ಜೂನ್‌ನಿಂದ ಸೆಪ್ಟೆಂಬರ್, ಅಂದರೆ ಹಿಮಾಲಯದ ಮಳೆಗಾಲ. 1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಅವರಲ್ಲೊಬ್ಬರು. 2018ರ ಜುಲೈ ಮೊದಲ ವಾರದಲ್ಲಿ ಮೋಡ ಮುಸುಕಿ ವಿಮಾನ, ಹೆಲಿಕಾಪ್ಟರ್ ಹಾರದೆ ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಭಾಗದಲ್ಲಿ 1,500ಕ್ಕೂ ಅಧಿಕ ಭಾರತೀಯರು ಸಿಲುಕಿಕೊಂಡರು. ಅವರಲ್ಲಿ ಸುಮಾರು 290 ಮಂದಿ ಕರ್ನಾಟಕದವರು. ಮನೆಯವರ ವಿಚಾರಣೆಗಾಗಿ ಕಾಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಕನ್ನಡದಲ್ಲೂ ಸಹಾಯವಾಣಿ ತೆರೆಯಬೇಕಾಯಿತು. 2025ರ ಜುಲೈ 8ರಂದು ನೇಪಾಳದ ರಸುವಾಗಢಿಯಲ್ಲಿ ನೆರೆಗೆ ಗಡಿ ಸೇತುವೆಯೇ ಕೊಚ್ಚಿಹೋಯಿತು. ಕೆರುಂಗ್ ಮೂಲಕ ರಸ್ತೆಯಲ್ಲಿ ಹೋಗುವವರ ದಾರಿ ಅದೇ ಆಗಿತ್ತು.

ಆದ್ದರಿಂದ ಟೂರ್‌ನ ದಿನಗಳ ಮೇಲೆ ಕನಿಷ್ಠ ನಾಲ್ಕೈದು ದಿನ ಹೆಚ್ಚಿಗೆ ರಜೆ ಇಟ್ಟುಕೊಳ್ಳಬೇಕು. ವಾಪಸು ಬಂದ ಮರುದಿನವೇ ಶಿಫ್ಟಿಗೆ ಹಾಜರಾಗಬೇಕಾದವರು ಅಲ್ಲಿ ತಲೆನೋವು ಬಂದರೂ ಮುಚ್ಚಿಟ್ಟು ಮುಂದೆ ನಡೆಯುತ್ತಾರೆ. ನಮ್ಮವರಿಗೆ ಒಂದು ಅನುಕೂಲವೂ ಇದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ಮದುವೆ–ಮುಂಜಿಗಳಿಲ್ಲ, ಊರಿನಲ್ಲಿ ನೇಮ–ಕೋಲಗಳಿಲ್ಲ. ವರ್ಷದ ಆರಂಭದಲ್ಲೇ ಮೇಲಧಿಕಾರಿಗೆ ತಿಳಿಸಿ ಆ ಸಮಯಕ್ಕೆ ರಜೆ ಕೂಡಿಟ್ಟರೆ ಕುಟುಂಬದ ಕಾರ್ಯಗಳೂ ತಪ್ಪುವುದಿಲ್ಲ. ಹೋಟೆಲಿನವರು ಪಾಲುದಾರರೊಂದಿಗೋ ಭಾವ–ಮೈದುನರೊಂದಿಗೋ ಮಾತಾಡಿ ಒಂದು ತಿಂಗಳ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬಹುದು.

ಇಲ್ಲಿನ ಅಭ್ಯಾಸ ಎಷ್ಟರ ಮಟ್ಟಿಗೆ?

ಘರ್ಡಾ ಸರ್ಕಲ್ ಬಳಿಯ ಸಾವಳಾರಾಮ್ ಕ್ರೀಡಾ ಸಂಕುಲದಲ್ಲಿ ಬೆಳಗ್ಗೆ ಒಂದೂವರೆ ಗಂಟೆ ಬಿರುಸಿನ ನಡಿಗೆ, ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುವುದು, ಭಾನುವಾರ ಬೆನ್ನಿಗೆ ಐದು ಕಿಲೋ ಹೊತ್ತು ಮಲಂಗಗಢ ಏರುವುದು, ತಿಂಗಳಿಗೊಮ್ಮೆ ಮಾಥೇರಾನ್, ಮಳೆಗೆ ಮುನ್ನ ಒಮ್ಮೆ ಕಳಸೂಬಾಯಿ. ಹೀಗೆ ಐದಾರು ತಿಂಗಳು ಮಾಡಿದರೆ ಕಾಲು, ಮೊಣಕಾಲು, ಎದೆಯ ದಮ್ಮು ಗಟ್ಟಿಯಾಗುತ್ತವೆ. ಆದರೆ ಮಹಾರಾಷ್ಟ್ರದಲ್ಲೇ ಎತ್ತರದ ಶಿಖರವಾದ ಕಳಸೂಬಾಯಿ 1,646 ಮೀಟರ್ ಮಾತ್ರ. ಡೋಲ್ಮಾ ಲಾ ಅದರ ಮೂರು ಪಟ್ಟಿಗಿಂತ ಹೆಚ್ಚು. ತೆಳುಗಾಳಿಗೆ ದೇಹವನ್ನು ಪಳಗಿಸುವ ಅಭ್ಯಾಸ ಇಲ್ಲಿ ಆಗುವುದಿಲ್ಲ, ಅದು ಅಲ್ಲೇ ಆಗಬೇಕು, ಅದಕ್ಕೆ ದಿನಗಳೇ ಬೇಕು. ಗಟ್ಟಿಮುಟ್ಟಾದ ಯುವಕರಿಗೂ ಎತ್ತರದ ಕಾಯಿಲೆ ಬರುತ್ತದೆ. ವೇಗವಾಗಿ ಏರುವ ಚಟ ಇರುವುದರಿಂದ ಕೆಲವೊಮ್ಮೆ ಅವರಿಗೇ ಮೊದಲು.

ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಆಗ ಏರುವುದನ್ನು ನಿಲ್ಲಿಸಬೇಕು. ಕುಳಿತಲ್ಲೇ ಏದುಸಿರು ಬಂದರೆ, ಕೆಮ್ಮು ಹೆಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ ಮೆದುಳಿಗೆ ತೊಂದರೆಯಾಗಿರಬಹುದು. ಆ ಹೊತ್ತಿಗೆ ಮುಖ್ಯ ಮದ್ದು ಕೂಡಲೇ ಕೆಳಗಿಳಿಯುವುದು. ಆಮ್ಲಜನಕದ ಸಿಲಿಂಡರ್ ಇಳಿಯುವವರೆಗಿನ ಆಸರೆ, ಇಳಿಯುವುದಕ್ಕೆ ಬದಲಿಯಲ್ಲ. ನೇಪಾಳದ ಹೆಲಿಕಾಪ್ಟರ್ ಹಿಲ್ಸಾದವರೆಗೆ ಮಾತ್ರ ಬರುತ್ತದೆ, ಕೈಲಾಸದ ಬುಡಕ್ಕಲ್ಲ. ಅಸೆಟಜೊಲಮೈಡ್ ಮಾತ್ರೆ ದೇಹ ಹೊಂದಿಕೊಳ್ಳಲು ನೆರವಾಗುತ್ತದಾದರೂ ಎಲ್ಲರಿಗೂ ಆಗಿಬರುವುದಿಲ್ಲ, ವೈದ್ಯರನ್ನು ಕೇಳದೆ ನುಂಗಬಾರದು.

ಹಿಂದಿರುಗುವುದು ಸೋಲಲ್ಲ

‘ಇಷ್ಟು ದೂರ ಬಂದೆ, ಇಷ್ಟು ಲಕ್ಷ ಸುರಿದೆ, ಇನ್ನೊಮ್ಮೆ ಬರಲಾರೆ’ ಎಂಬ ಯೋಚನೆಯೇ ದಿರಾಪುಕ್‌ನಲ್ಲಿ ಅಸ್ವಸ್ಥರಾದವರನ್ನು ಮುಂದಕ್ಕೆ ದೂಡುತ್ತದೆ. ಜೊತೆಗಿರುವವರು ಪ್ರೀತಿಯಿಂದಲೇ ‘ಶಿವನಿದ್ದಾನೆ, ನಡೆಯಿರಿ’ ಎಂದು ಹುರಿದುಂಬಿಸುತ್ತಾರೆ. ಹೊರಡುವ ಮೊದಲೇ ತಂಡದಲ್ಲಿ ಒಂದು ಮಾತು ಆಗಿರಬೇಕು: ಯಾರಿಗೆ ಹುಷಾರಿಲ್ಲವೋ ಅವರು ಇಳಿಯುತ್ತಾರೆ, ಅವರೊಂದಿಗೆ ಒಬ್ಬರು ಇಳಿಯುತ್ತಾರೆ, ಯಾರೂ ಒತ್ತಾಯ ಮಾಡುವುದಿಲ್ಲ. ಮಾನಸ ಸರೋವರದ ದಡದಲ್ಲಿ ಪೂಜೆ ಮುಗಿಸಿ, ದಾರ್ಚೆನ್‌ನಿಂದ ಕೈಲಾಸಕ್ಕೆ ಕೈಮುಗಿದು ಹಿಂದಿರುಗಿದರೂ ಅದು ಪೂರ್ಣ ಯಾತ್ರೆಯೇ.

ಪಾಸ್‌ಪೋರ್ಟ್, ಲಕ್ಷಗಟ್ಟಲೆ ಹಣ ಒದಗದವರಿಗೆ ಉತ್ತರಾಖಂಡದಲ್ಲೇ ಆದಿ ಕೈಲಾಸ ಇದೆ. ಅದಕ್ಕೆ ಒಳನಾಡಿನ ಪರವಾನಗಿ ಸಾಕು. ಎತ್ತರದ ನಿಯಮ ಮಾತ್ರ ಅಲ್ಲಿಗೂ ಒಂದೇ.

ನಮ್ಮ ಸಂಘ–ಸಂಸ್ಥೆಗಳು, ಭಜನಾ ಮಂಡಳಿಗಳು ತೀರ್ಥಯಾತ್ರೆಗೆ ಹೊರಟವರನ್ನು ಶಾಲು ಹೊದಿಸಿ ಬೀಳ್ಕೊಡುವುದು ರೂಢಿ. ಅದಕ್ಕೆ ಆರು ತಿಂಗಳ ಮೊದಲು, ಜನವರಿಯ ಒಂದು ಭಾನುವಾರ, ಒಬ್ಬ ವೈದ್ಯರನ್ನೂ ಹಿಂದೆ ಪರಿಕ್ರಮ ಮಾಡಿ ಬಂದವರನ್ನೂ ಅರ್ಧ ದಾರಿಯಿಂದ ಮರಳಿದವರನ್ನೂ ಒಂದೇ ವೇದಿಕೆಗೆ ಕರೆಸಿ ಮಾಹಿತಿ ಸಭೆ ನಡೆಸಿದರೆ ಹೆಚ್ಚಿನ ಉಪಕಾರವಾದೀತು. ಮರಳಿ ಬಂದವರ ಅನುಭವವನ್ನು ಮೊದಲು ಕೇಳಬೇಕು. ಅವರು ಮರಳಿದ್ದರಿಂದಲೇ ಹೇಳಲು ಅವರು ನಮ್ಮೆದುರು ಇರುತ್ತಾರೆ.