ಹೇಗ್‌ಗೆ ಹೊರಡುವ ಮುನ್ನ: ಅಂತರರಾಷ್ಟ್ರೀಯ ಕಾನೂನು ಓದುವ ದಾರಿಗಳು

ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ, ಎರಡೂ ಬೆಂಗಳೂರಿನ ಕಂಪನಿಗಳು. ಉಪಗ್ರಹದ ಎಸ್-ಬ್ಯಾಂಡ್ ತರಂಗಾಂತರ ಬಳಸಿಕೊಳ್ಳಲು 2005ರಲ್ಲಿ ಇವುಗಳ ನಡುವೆ ಒಪ್ಪಂದವಾಯಿತು. 2011ರಲ್ಲಿ ಅದು ರದ್ದಾಯಿತು. ಊರೊಳಗೆ ಹುಟ್ಟಿದ ಈ ವ್ಯಾಜ್ಯ ಊರೊಳಗೆ ಮುಗಿಯಲಿಲ್ಲ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಡಿ ವಿಚಾರಣೆ ನಡೆಸಿದ ಮಧ್ಯಸ್ಥಗಾರರು, ಆಂಟ್ರಿಕ್ಸ್ 56.25 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2015ರಲ್ಲಿ ತೀರ್ಪಿತ್ತರು. ದೇವಾಸ್‌ನ ಮಾರಿಷಸ್ ಮೂಲದ ಹೂಡಿಕೆದಾರರು ಮತ್ತು ಜರ್ಮನಿಯ ಡಾಯ್ಚ ಟೆಲಿಕಾಂ ಭಾರತ ಸರ್ಕಾರದ ವಿರುದ್ಧವೇ ಹೂಡಿಕೆ ಒಪ್ಪಂದಗಳಡಿ ದಾವೆ ಹೂಡಿದರು. ಇತ್ತ 2022ರಲ್ಲಿ ಸುಪ್ರೀಂ ಕೋರ್ಟ್, ದೇವಾಸ್ ಸ್ಥಾಪನೆಯಲ್ಲೇ ವಂಚನೆಯಿತ್ತೆಂದು ಹೇಳಿ ಆ ಕಂಪನಿಯನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು.

ಅಂತರರಾಷ್ಟ್ರೀಯ ಕಾನೂನು ಎಂದೊಡನೆ ವಿಶ್ವಸಂಸ್ಥೆಯ ಕಟ್ಟಡವನ್ನಷ್ಟೇ ನೆನೆಯುವ ವಿದ್ಯಾರ್ಥಿಗೆ ಈ ಪ್ರಕರಣ ಒಳ್ಳೆಯ ಪಾಠ. ಕರಾರು ಕಾಯ್ದೆ, ಕಂಪನಿ ಕಾಯ್ದೆ, ಎರಡು ದೇಶಗಳ ನಡುವಿನ ಒಪ್ಪಂದ, ಮಧ್ಯಸ್ಥಿಕೆಯ ನಿಯಮ ಎಲ್ಲವೂ ಇದರಲ್ಲಿ ಹೆಣೆದುಕೊಂಡಿವೆ. ದೇಶದ ಕಾನೂನು ಗಟ್ಟಿಯಿಲ್ಲದವರಿಗೆ ಇಂಥ ಕಡತ ಬಿಡಿಸುವುದು ಕಷ್ಟ.

ಆದ್ದರಿಂದ ಮೊದಲ ಪದವಿಯನ್ನು ಭಾರತದಲ್ಲೇ ಮಾಡುವುದು ಜಾಣತನ. ವಿದೇಶದ ಕಾನೂನು ಪದವಿ ತಂದವರು ಇಲ್ಲಿ ವಕೀಲಿಕೆಗೆ ನೋಂದಾಯಿಸಿಕೊಳ್ಳಬೇಕಾದರೆ, ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇರಬೇಕು, ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಇಲ್ಲಿಯೇ ಓದುವವರಿಗೆ ಎರಡು ದಾರಿಗಳಿವೆ: ಪಿಯುಸಿ ನಂತರ ಐದು ವರ್ಷದ ಸಂಯೋಜಿತ ಪದವಿ, ಇಲ್ಲವೇ ಬೇರೊಂದು ಪದವಿಯ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡು ಐದು ವರ್ಷದ ಮಾದರಿಗೆ ಹೆಸರು ತಂದಿತು. ಕ್ಲಾಟ್ ಪರೀಕ್ಷೆಯಲ್ಲಿ ಅಲ್ಲಿ ಸೀಟು ಸಿಗದಿದ್ದರೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಿಲ್ಲ. ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು ದೇಶದ ಎಲ್ಲ ಎಲ್‌ಎಲ್‌ಬಿ ಕಾಲೇಜುಗಳಲ್ಲೂ ಕಡ್ಡಾಯ ವಿಷಯ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳ ವಿದ್ಯಾರ್ಥಿಗಳೂ ಅದನ್ನು ಓದಿಯೇ ಹೊರಬರುತ್ತಾರೆ.

ಪಠ್ಯಕ್ಕಿಂತ ಹೆಚ್ಚು ಕಲಿಸುವುದು ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯ. 1960ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭವಾದ ಜೆಸಪ್ ಸ್ಪರ್ಧೆ ಇವುಗಳಲ್ಲಿ ಹಿರಿದು. ಎರಡು ಕಾಲ್ಪನಿಕ ದೇಶಗಳ ಜಗಳವನ್ನು ಸ್ಪರ್ಧೆಯ ಆಯೋಜಕರು ಪ್ರತಿವರ್ಷ ಹೊಸದಾಗಿ ಬರೆದುಕೊಡುತ್ತಾರೆ. ಪ್ರತಿ ತಂಡ ವಾದಿಯ ಪರವಾಗಿ ಒಂದು, ಪ್ರತಿವಾದಿಯ ಪರವಾಗಿ ಒಂದು ಮೆಮೋರಿಯಲ್ (ಲಿಖಿತ ವಾದ) ಬರೆದು, ಆಮೇಲೆ ಎರಡೂ ಕಡೆಯಿಂದ ನಿಂತು ವಾದಿಸಬೇಕು. ಒಪ್ಪಂದದ ವಿಧಿಯೊಂದನ್ನು ನಾಲ್ಕು ರೀತಿ ಓದುವುದು, ಹಳೆಯ ತೀರ್ಪನ್ನು ಹುಡುಕಿ ತೆಗೆಯುವುದು, ನ್ಯಾಯಾಧೀಶರು ನಡುವೆ ಪ್ರಶ್ನೆ ಎಸೆದಾಗ ತಡವರಿಸದೆ ಉತ್ತರಿಸುವುದು ತಿಂಗಳುಗಟ್ಟಲೆ ನಡೆಯುವ ಈ ತಯಾರಿಯಲ್ಲಿ ಮೈಗೂಡುತ್ತದೆ. ಬೆಂಗಳೂರಿನ ಕಾನೂನು ಶಾಲೆ 1999 ಮತ್ತು 2013ರಲ್ಲಿ ಜೆಸಪ್ ವಿಶ್ವ ಪ್ರಶಸ್ತಿ ಗೆದ್ದಿದೆ. ವ್ಯಾಪಾರ ವ್ಯಾಜ್ಯದ ಕಡೆ ಒಲವಿದ್ದವರಿಗೆ ವಿಯೆನ್ನಾದ ವಿಸ್ ಮೂಟ್, ಬಾಹ್ಯಾಕಾಶ ಕಾನೂನಿನ ಆಸಕ್ತರಿಗೆ ಮ್ಯಾನ್‌ಫ್ರೆಡ್ ಲಾಕ್ಸ್ ಮೂಟ್ ಇವೆ.

ಎಲ್‌ಎಲ್‌ಎಂ ಆಯ್ಕೆ ಬರುವುದು ಇದಾದ ಮೇಲೆ. ಇಲ್ಲಿ ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ವಿಷಯ ಆಯ್ದುಕೊಳ್ಳಬೇಕು. ಕಡಲ ಕಾನೂನೋ, ಮಾನವ ಹಕ್ಕೋ, ಹೂಡಿಕೆ ವ್ಯಾಜ್ಯವೋ ಎಂಬುದು ನಿಕ್ಕಿಯಾದರೆ ಆ ವಿಷಯ ಯಾರು ಎಲ್ಲಿ ಕಲಿಸುತ್ತಾರೆಂದು ಹುಡುಕುವುದು ಸುಲಭ. ನೆದರ್ಲೆಂಡ್ಸ್‌ನ ಲೈಡನ್, ಜಿನೀವಾದ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್, ಕೇಂಬ್ರಿಜ್, ಸಿಂಗಪುರ ಬಹುತೇಕರ ಪಟ್ಟಿಯಲ್ಲಿರುತ್ತವೆ. ಖರ್ಚು ದೊಡ್ಡದು, ಚೀವ್ನಿಂಗ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿಗೆ ಮುಂಚೆಯೇ ಅರ್ಜಿ ಹಾಕಬೇಕು. ಹೊರಗೆ ಹೋಗಲಾಗದವರಿಗೆ ದೆಹಲಿಯ ಸೌತ್ ಏಷ್ಯನ್ ವಿಶ್ವವಿದ್ಯಾಲಯದ ಎಲ್‌ಎಲ್‌ಎಂ ಇದೆ. 1959ರಲ್ಲಿ ಸ್ಥಾಪನೆಯಾದ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸಂಘವೂ ಅದೇ ಊರಿನಲ್ಲಿ ಡಿಪ್ಲೊಮಾ ನಡೆಸುತ್ತದೆ.

ವಿಶ್ವವಿದ್ಯಾಲಯ ಆರಿಸುವಾಗ ವಿಚಾರಿಸಲೇಬೇಕಾದ ಒಂದು ಸಂಗತಿಯಿದೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರ ಜೊತೆ ಕೆಲಸ ಮಾಡುವ ಫೆಲೋಶಿಪ್‌ಗೆ ವಿದ್ಯಾರ್ಥಿ ತಾನಾಗಿ ಅರ್ಜಿ ಹಾಕುವಂತಿಲ್ಲ. ವಿಶ್ವವಿದ್ಯಾಲಯವೇ ಹೆಸರು ಕಳಿಸಬೇಕು, ಸಾಮಾನ್ಯವಾಗಿ ಖರ್ಚನ್ನೂ ಅದೇ ಹೊರಬೇಕು. ಅಭಿವೃದ್ಧಿಶೀಲ ದೇಶಗಳ ಅಭ್ಯರ್ಥಿಗಳ ನೆರವಿಗೆ 2021ರಲ್ಲಿ ಟ್ರಸ್ಟ್ ನಿಧಿಯೊಂದು ಸ್ಥಾಪನೆಯಾಗಿದೆ.

ಅದೇ ನ್ಯಾಯಾಲಯವಿರುವ ಶಾಂತಿ ಅರಮನೆಯ ಆವರಣದಲ್ಲಿ ಹೇಗ್ ಅಕಾಡೆಮಿ 1923ರಿಂದ ಬೇಸಿಗೆ ತರಗತಿ ನಡೆಸುತ್ತಿದೆ. ದೇಶದೇಶಗಳ ನಡುವಿನ ಕಾನೂನಿಗೆ ಮೂರು ವಾರ, ಗಡಿ ದಾಟುವ ಮದುವೆ, ದತ್ತು, ಕರಾರುಗಳ ಕಾನೂನಿಗೆ ಮೂರು ವಾರ. ಪಾಠ ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ. ಹೇಗ್ ನ್ಯಾಯಾಲಯದ ಅಧಿಕೃತ ಭಾಷೆಗಳೂ ಇವೆರಡೇ ಆದ್ದರಿಂದ, ಪದವಿಯ ದಿನಗಳಲ್ಲೇ ಫ್ರೆಂಚ್ ಕಲಿಯತೊಡಗಿದವರಿಗೆ ಮುಂದೆ ಅನುಕೂಲ.

ದಾರಿ ಒಂದೇ ಅಲ್ಲ ಎನ್ನುವುದಕ್ಕೆ ನಮ್ಮವರೇ ಸಾಕ್ಷಿ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಕೇಂಬ್ರಿಜ್, ಐಸಿಎಸ್, ಕಲ್ಕತ್ತಾ ಹೈಕೋರ್ಟ್, ಸಂವಿಧಾನ ಸಭೆಯ ಸಲಹೆಗಾರಿಕೆ, ವಿಶ್ವಸಂಸ್ಥೆ ಇವನ್ನೆಲ್ಲ ದಾಟಿ 1952ರಲ್ಲಿ ಹೇಗ್ ನ್ಯಾಯಾಧೀಶರಾದರು. ನೀರೂ ಚಡ್ಢಾ ವಿದೇಶಾಂಗ ಸಚಿವಾಲಯದ ಕಾನೂನು ಮತ್ತು ಒಪ್ಪಂದಗಳ ವಿಭಾಗದಲ್ಲಿ ದುಡಿದು, 2017ರಲ್ಲಿ ಹ್ಯಾಂಬರ್ಗ್‌ನ ಕಡಲ ಕಾನೂನು ನ್ಯಾಯಮಂಡಳಿಯ ಮೊದಲ ಭಾರತೀಯ ನ್ಯಾಯಾಧೀಶೆಯಾದರು. ಹೇಗ್ ನ್ಯಾಯಾಲಯದಲ್ಲಿ ನಡೆದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಒಂದು ರೂಪಾಯಿ ಶುಲ್ಕಕ್ಕೆ ಭಾರತದ ಪರ ವಾದಿಸಿದ ಹರೀಶ್ ಸಾಳ್ವೆ ಕಾನೂನು ಪದವಿ ಪಡೆದದ್ದು ನಾಗಪುರ ವಿಶ್ವವಿದ್ಯಾಲಯದಲ್ಲಿ. ಮೂವರಿಗೂ ಮೊದಲು ಇದ್ದದ್ದು ಭಾರತದಲ್ಲಿ ಕಾನೂನು ಕೆಲಸ ಮಾಡಿದ ದೀರ್ಘ ಅನುಭವ.

ವಿಶ್ವಸಂಸ್ಥೆಯ ದೃಶ್ಯ-ಶ್ರವ್ಯ ಗ್ರಂಥಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪರಿಣತರ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ. ಜೆಸಪ್ ಸಮಸ್ಯೆಯನ್ನೂ ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ಕಲಬುರಗಿ, ಶಿವಮೊಗ್ಗ, ವಿಜಯಪುರದ ಕಾನೂನು ಕಾಲೇಜುಗಳ ಅಧ್ಯಾಪಕರು ಈ ವರ್ಷ ಆಸಕ್ತ ವಿದ್ಯಾರ್ಥಿಗಳ ಒಂದು ತಂಡ ಕಟ್ಟಿ, ಆ ಸಮಸ್ಯೆಯನ್ನು ಅವರ ಕೈಗೆ ಕೊಡಲಿ.